ಕಪ್ಪು ಮುಖದ ವಾಚು

"ರೀ... ಕೈ ತೆಗೀರಿ!"

"ಮೊದಲು ಮುಟ್ಟಿದ್ದು ನಾನು ಕಣ್ರೀ!"

ರಾಜಾಜಿನಗರದ ಅಮೀನಪ್ಪನವರ ಮನೆಯ ಹಾಲ್‌ನಲ್ಲಿ ಒಂದೇ ವಾಚಿನ ಮೇಲೆ ಎರಡು ಕೈ! ಒಂದು ಕುಸುಮಾಳದು, ಇನ್ನೊಂದು ಜೀವನ್ ಎಂಬ ಅಪರಿಚಿತನದು. ಎದೆ ಢವಢವ ಅಂದದ್ದು ಅವನ ಬೆರಳು ತಾಕಿದ್ದಕ್ಕೋ, ವಾಚು ಕೈತಪ್ಪುವ ಭಯಕ್ಕೋ... ಅವಳಿಗೇ ತಿಳಿಯಲಿಲ್ಲ.

2008ರ ಮಾತು. ಅದು ಅಂತಿಂಥ ವಾಚಲ್ಲ. ವಾರ, ತಾರೀಖು, ತಿಂಗಳು ಎಲ್ಲ ತೋರಿಸುವ, ಫೆಬ್ರವರಿ ಮುಗಿದಾಗ ಮಾತ್ರ ತಿದ್ದಬೇಕಾದ ಸ್ವಿಸ್ ವಾಚು. ಸ್ಟಾಪ್‌ವಾಚ್ ಬೇರೆ! ಕೆಂಗೇರಿಯಲ್ಲಿ ಅಪ್ಪನ ಕಲ್ಯಾಣ ಮಂಟಪ ನೋಡಿಕೊಳ್ಳುವ ಕುಸುಮಾಳ ಬೀರುವಿನಲ್ಲಿ ಅದರ ಬೂದು ಮುಖದ್ದೂ ನೀಲಿ ಮುಖದ್ದೂ ಇದ್ದವು. ನಾಗರಬಾವಿಯ ಪೆಟ್ರೋಲ್ ಬಂಕ್ ಮಾಲೀಕ ಜೀವನ್ ಬಳಿ ಬೂದು, ಬಿಳಿ. ಇಬ್ಬರಿಗೂ ಈಗ ಕಪ್ಪೇ ಬೇಕು!

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಅಮೀನಪ್ಪನವರು ಮಾತ್ರ ಅದು ಸಾಕಾಗಿ ಮಾರಲು ಹೊರಟಿದ್ದರು.

"ಇದರಾಗ ಟೈಮ್ ಹುಡುಕೂದ್ರಾಗ ಟೈಮ್ ಹೊಂಟ್ ಹೋಕ್ಕೈತಿ. ನನ್ನ ಮನ್ಯಾಗ ಜಗಳ ಬ್ಯಾಡ. ಮಾತಾಡ್ಕೊಂಡು ಒಬ್ರು ಬರ್ರಿ."

ಹತ್ತಿರದ ದರ್ಶಿನಿಯಲ್ಲಿ ಮಾತಾಡಿದರು. ತೀರ್ಮಾನವಾಗಲಿಲ್ಲ. ಮತ್ತೆ ಸೇರಿದರು... ಮತ್ತೆ ಮತ್ತೆ ಸೇರಿದರು. ಒಂದು ದಿನ ಇಬ್ಬರೂ ಬೂದು ವಾಚು ಕಟ್ಟಿಕೊಂಡು ಬಂದು, ದೋಸೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಒಟ್ಟಿಗೆ ಸ್ಟಾಪ್‌ವಾಚ್ ಗುಂಡಿ ಒತ್ತಿದರು. ದೋಸೆ ಬಂದು ಆರಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ!

"ಆ ವಾಚು ಇಬ್ರಿಗೂ ಬೇಡ ಕುಸುಮಾ. ಅದಕ್ಕೋಸ್ಕರ ನಮ್ಮ ಸ್ನೇಹ ಹಾಳಾಗೋದು ಬೇಡ."

"ಪ್ರಾಮಿಸ್?"

"ಪ್ರಾಮಿಸ್!"

ಮಾರನೇ ದಿನವೇ ಕುಸುಮಾ ಅಮೀನಪ್ಪನವರ ಮನೆಗೆ ಆಟೋ ಹತ್ತಿದಳು. 'ಸುಮ್ನೆ ಒಂದ್ಸಲ ನೋಡ್ಕೊಂಡು ಬರ್ತೀನಿ, ಅಷ್ಟೇ...' ಬ್ಯಾಗಿನಲ್ಲಿ ಚೆಕ್ ಬುಕ್ ಇತ್ತು.

"ಈಗಷ್ಟ ಆ ಹುಡುಗ ತಗೊಂಡು ಹೋದನಲ್ಲವ್ವಾ!" ಅಂದರು ಅಮೀನಪ್ಪ.

'ಮೋಸಗಾರ! ಇವನನ್ನ ನಂಬಿದ್ನಲ್ಲಾ ನಾನು!' ಕಣ್ಣು ತುಂಬಿ ಬಂತು. ತನ್ನ ಚೆಕ್ ಬುಕ್ ನೆನಪಿಗೇ ಬರಲಿಲ್ಲ.

ಅವಳು ಅವನ ಫೋನ್ ಎತ್ತಲಿಲ್ಲ. 'ನೀವು ವಾಚ್ ತಗೊಂಡಿದ್ದು ಗೊತ್ತಾಯ್ತು' ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾದಳು. ಕೊನೆಗೆ ಜೀವನ್ ಮಂಟಪಕ್ಕೇ ಬಂದ. ಕೈಯಲ್ಲಿ ವಾಚಿನ ಬಾಕ್ಸು.

"ನಿಮಗೆ ಕೊಡೋಕೇ ತಗೊಂಡೆ ಅಂತ ಸುಳ್ಳು ಹೇಳಬಹುದಿತ್ತು. ಇಲ್ಲ ಕುಸುಮಾ... ಆಸೆ ತಡೆಯೋಕಾಗ್ಲಿಲ್ಲ. ಈಗ ತೆಗೆದು ನೋಡೋಕೂ ಮನಸ್ಸಿಲ್ಲ. ನೀವೇ ಇಟ್ಕೊಳ್ಳಿ."

"ಮಾತು ತಪ್ಪೋರ ವಾಚು ನನಗ್ಯಾಕೆ?"

ತಲೆ ತಗ್ಗಿಸಿ ಹೊರಟವನು ಬಾಗಿಲಲ್ಲಿ ನಿಂತ.

"ಅಂದ ಹಾಗೆ... ನಾನು ಯಾರಿಗೂ ಹೇಳಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಕುಸುಮಾ ಮೇಜಿನ ಮೇಲಿದ್ದ ರಸೀದಿ ಪುಸ್ತಕ ತಿರುವತೊಡಗಿದಳು.

"ಅದು... ಆ ಕಡೆ ಹೂವು ತರೋಕೆ ಹೋಗಿದ್ದೆ..."

"ಅಮೀನಪ್ಪನವರು ಹೂವೂ ಮಾರ್ತಾರಾ?"

ನಗು ತಡೆಯಲಾಗಲಿಲ್ಲ ಅವಳಿಗೆ. ನಗುತ್ತಲೇ ಅತ್ತುಬಿಟ್ಟಳು! "ನಾನೂ ಕದ್ದು ಹೋಗಿದ್ದೆ ಕಣ್ರೀ... ಚೆಕ್ ಬುಕ್ ಸಮೇತ!"

ಜೀವನ್ ಹತ್ತಿರ ಬಂದ.

"ನಿಮ್ಮ ನೀಲಿ, ನನ್ನ ಬಿಳಿ, ಈ ಕಪ್ಪು... ಎಲ್ಲಾ ಒಂದೇ ಬೀರುವಲ್ಲಿ ಇಟ್ರೆ?"

"ಇದು ವಾಚಿನ ಮಾತಾ?"

"ಅಲ್ಲ..."

"ಹಾಗಾದ್ರೆ ನೆಟ್ಟಗೆ ಕೇಳಿ!"

"ನಿಮ್ಮನ್ನ ಬಿಟ್ಟಿರೋಕಾಗಲ್ಲ ಕುಸುಮಾ. ಮದುವೆ ಆಗ್ತೀರಾ?"

"ಆಗ್ತೀನಿ," ಅವಳು ಮೆಲ್ಲನೆ ಅವನ ಕೈ ಹಿಡಿದಳು. "ಬೀರುವಿನ ಬೀಗದ ಕೈ ಮಾತ್ರ ನನ್ನ ಹತ್ರ."

"ಇನ್ನೊಂದು ಕೀ?"

"ಅದೂ ನನ್ನ ಹತ್ರಾನೇ!"