ಮೂವತ್ತಾರರಲ್ಲಿ ಒಂದು ಬಿಲ್ಲೆ

ಐಸ್ ಒಡೆಯುವ ಸಲಾಕೆ ನನ್ನ ಗಂಟಲ ಗುಳಿಗೆ ಬಂದು ಕೂತಿತು!

ತಣ್ಣಗಿತ್ತು. ಮೀನಿನ ವಾಸನೆ ಬೇರೆ.

"ಒಂದು ಮಾತು ಸುಳ್ಳು ಬಂದರೆ ಒತ್ತಿಬಿಡ್ತೇನೆ ಮಾರಾಯ್ರೆ" ಎಂದ ಕೊರಗಪ್ಪ. "ಆ ವಾಯರ್‌ಮನ್ ದಾನಪ್ಪ ಎಲ್ಲಿದ್ದಾನೆ?"

"ಗೊತ್ತಿಲ್ಲ."

"ಅವನ ಹೆಂಡತಿ ನಿಮ್ಮ ಹತ್ತಿರ ಬಂದದ್ದು ನಂಗೆ ಗೊತ್ತುಂಟು."

"ಬಂದಿದ್ದಳು. ಗಂಡನ್ನ ಉಳಿಸಿ ಅಂದಳು. ಎಲ್ಲಿದ್ದಾನೆ ಅಂತ ಹೇಳಲಿಲ್ಲ. ಹೇಳಿದ್ದರೆ ನಾನು ಈ ನಾತದಲ್ಲಿ ಯಾಕೆ ನಿಂತಿರ್ತಿದ್ದೆ?"

ಸಲಾಕೆ ಕೂದಲೆಳೆಯಷ್ಟು ಒಳಗೆ ಬಂತು... ಅಲ್ಲಿಗೇ ನಿಂತಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಸೀತಾರಾಮ ಅಂತ. ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನಲ್ಲಿ ರೂಮು, ಬಾಗಿಲ ಮೇಲೆ 'ಪ್ರೈವೇಟ್ ಎನ್‌ಕ್ವೈರಿ' ಅಂತ ಬೋರ್ಡು. ಇನ್ಶೂರೆನ್ಸ್ ಕೆಲಸದಲ್ಲಿ ಹನ್ನೆರಡು ವರ್ಷ ಸುಳ್ಳು ಹಿಡಿದವನು. ಮೈಸೂರು ಕಡೆಯವನಾದ್ದರಿಂದ ಮಾತು ಮೆತ್ತಗೆ. ಕೈ ಅಷ್ಟು ಮೆತ್ತಗಿಲ್ಲ. ಆದರೆ ಆ ಬೆಳಿಗ್ಗೆ ಎರಡು ಕೈಯನ್ನೂ ಕೊರಗಪ್ಪನ ಬೋಟಿನಲ್ಲಿ ದುಡಿಯುವ ಇಬ್ಬರು ಖಲಾಸಿಗಳು ಹಿಂದಕ್ಕೆ ತಿರುಚಿ ಹಿಡಿದಿದ್ದರು.

1989ರ ನವೆಂಬರ್. ಮಲಾಡಿನ ಪಶ್ಚಿಮಕ್ಕೆ, ಕಡಲು ಒಳಚಾಚಿದ ಮಾರ್ವೆ ಖಾಡಿಯ ದಂಡೆಯ ಮೇಲೆ ಕೊರಗಪ್ಪನ ತಗಡಿನ ಶೆಡ್. ಟೈಮು ಒಂಬತ್ತು.

"ನನ್ನ ತಮ್ಮ ಸತ್ತದ್ದು ಹೇಗೆ ಅಂತ ಗೊತ್ತುಂಟಾ ನಿಮಗೆ?" ಕೊರಗಪ್ಪನ ದನಿ ಒಡೆಯಿತು. "ಕತ್ತಲೆಯಲ್ಲಿ! ದೀಪ ಇಲ್ಲ, ವೈರ್‌ಲೆಸ್ ಇಲ್ಲ... ಹಡಗಿನವರಿಗೆ ಬೋಟು ಕಂಡದ್ದೇ ಇಲ್ಲ. ಅರೆದುಕೊಂಡು ಹೋಯಿತು!"

ಅವನಿಗೆ ಎರಡು ಬೋಟು. ಇಂಜಿನ್ನಿನ ಡೈನಮೋ ಪದೇ ಪದೇ ಕೈಕೊಡುತ್ತಿತ್ತು. ಬ್ಯಾಟರಿ ಖಾಲಿಯಾದರೆ ದೀಪವೂ ಇಲ್ಲ, ವೈರ್‌ಲೆಸ್ಸೂ ಇಲ್ಲ. ಅದಕ್ಕೇ ಸೆಪ್ಟೆಂಬರಿನಲ್ಲಿ ಎರಡಕ್ಕೂ ಸೋಲಾರ್ ಪ್ಯಾನೆಲ್ ಹಾಕಿಸಿದ. ಕ್ಯಾಬಿನ್ನಿನ ಮಾಡಿನ ಮೇಲೆ ಪ್ಯಾನೆಲ್, ಕೆಳಗೆ ಬ್ಯಾಟರಿ, ಹಗಲೆಲ್ಲ ಬಿಸಿಲಿಗೆ ಚಾರ್ಜು. ಆ ಕಾಲಕ್ಕೆ ಅದೊಂದು ಪವಾಡ. ಕೂರಿಸಿದವನು ಭಾಂಡುಪ್‌ನ ದಾನಪ್ಪ, ಬಿಜಾಪುರದ ಕಡೆಯವನು. ದೊಡ್ಡ ಬೋಟಿನ ದೀಪ ಚೆನ್ನಾಗಿಯೇ ಉರಿಯಿತು. ಚಿಕ್ಕದು ಅಕ್ಟೋಬರಿನಲ್ಲಿ ಕಡಲಿಗೆ ಹೋಗಿ, ನಾಲ್ಕನೇ ರಾತ್ರಿ ಬ್ಯಾಟರಿ ಸತ್ತು ಕತ್ತಲಾಯಿತು. ಅದರಲ್ಲಿದ್ದ ತಮ್ಮ ಸದಾನಂದ ವಾಪಸ್ ಬರಲಿಲ್ಲ. ಜೀವ ಉಳಿದು ತೇಲಿ ಬಂದದ್ದು ಒಬ್ಬ ಖಲಾಸಿ, ಮತ್ತೆ ಮುರಿದ ಕ್ಯಾಬಿನ್ನಿನ ಮಾಡು.

"ಒಂದೇ ವಾಯರ್‌ಮನ್, ಒಂದೇ ಮಾಲು" ಎಂದೆ. "ದೊಡ್ಡ ಬೋಟಿನದು ನಡೀತಿದೆ. ಹಾಗಿದ್ದರೆ ಅವನು ಕೆಲಸಗಳ್ಳ ಹೇಗಾದ?"

"ಒಂದರಲ್ಲಿ ಸರಿ ಮಾಡಿದ. ಇನ್ನೊಂದರಲ್ಲಿ ಕಳ್ಳ ವಾಯರ್ ಹಾಕಿದ!"

"ಸಂಜೆಯೊಳಗೆ ಅವನನ್ನ ಇಲ್ಲಿಗೆ ತರ್ತೀನಿ. ನಿಮ್ಮ ಮುಂದೆಯೇ ಟೆಸ್ಟ್ ಮಾಡಿಸ್ತೀನಿ. ತಪ್ಪು ಅವನದಾದರೆ ನಾನು ಅಡ್ಡ ಬರಲ್ಲ."

"ತಪ್ಪಿದ್ದರೆ ಅವನು ಕಡಲಿಗೆ. ಸೂರ್ಯ ಮುಳುಗುವವರೆಗೆ ಟೈಮ್."

ಸಲಾಕೆ ಇಳಿಯಿತು. ಉಗುಳು ನುಂಗಿದೆ. ಅಷ್ಟಕ್ಕೇ ಗಂಟಲು ಉರಿಯಿತು.

ಮುರಿದ ಮಾಡು ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಪ್ಯಾನೆಲ್ ಇನ್ನೂ ಗಟ್ಟಿಯಾಗಿ ಕೂತಿತ್ತು. ಗಾಜಿನ ಕೆಳಗೆ ಗುಂಡಗಿನ ನೀಲಿ ಬಿಲ್ಲೆಗಳು, ಅಂಗೈಯಗಲದವು. ಎಣಿಸಿದೆ, ಮೂವತ್ತಾರು. ನಡುವಿನ ಒಂದು ಬಿಲ್ಲೆಯ ಮೇಲೆ, ಅಂಚಿನಿಂದ ಅಂಚಿನವರೆಗೆ ಪೂರ್ತಿ ಮುಚ್ಚುವ ಹಾಗೆ, ಕೆಂಪು ಬೊಟ್ಟು.

ಮುಟ್ಟಲು ಹೋದೆ.

"ಕೈ ಹಾಕಬೇಡಿ!" ಕೊರಗಪ್ಪ ಗುಡುಗಿದ. "ವಾರಿಜಾ ಇಟ್ಟದ್ದು ಅದು. ಆಯುಧ ಪೂಜೆಗೆ. ಕುಂಕುಮ ನೀರಿಗೆ ಹೋಗ್ತದೆ ಅಂತ ಪೇಂಟ್ ತಂದು ಬಳಿದಳು."

ಬಾಗಿಲ ಪಕ್ಕದಲ್ಲಿ ಬಲೆಗಳ ರಾಶಿಯ ಮೇಲೆ ಅವಳು ಕೂತಿದ್ದಳು. ಸದಾನಂದನ ಹೆಂಡತಿ. ಏಳು ತಿಂಗಳ ಬಸುರಿ. ಹಣೆ ಬೋಳು. ನಾನು ಪ್ಯಾನೆಲ್ಲಿನ ಬೊಟ್ಟಿಗೆ ಕೈ ಮುಗಿದು ಹೊರಟೆ. ಹೌದು ಸ್ವಾಮಿ, ಕೈ ಮುಗಿದೆ! ಪತ್ತೇದಾರ ನಾನು!

ಮಲಾಡಿನಿಂದ ದಾದರ್, ದಾದರ್‌ನಿಂದ ಭಾಂಡುಪ್. ದಾನಪ್ಪನ ಚಾಳಿನ ಎದುರು ಚಹಾ ಅಂಗಡಿಯಲ್ಲಿ ನಿಂತೆ. ಅವನ ಹೆಂಡತಿ ಕಾಶವ್ವ ಗಂಡ ಎಲ್ಲಿದ್ದಾನೋ ತಿಳಿಯದು ಎಂದು ನನ್ನ ರೂಮಿನಲ್ಲಿ ಅತ್ತವಳು. ಅತ್ತದ್ದು ನಿಜ. ತಿಳಿಯದು ಅಂದದ್ದು ಸುಳ್ಳು. ಹನ್ನೊಂದಕ್ಕೆ ಕೈಯಲ್ಲಿ ಡಬ್ಬಿ ಹಿಡಿದು ಹೊರಬಿದ್ದಳು. ಹಿಂದೆ ಬಿದ್ದೆ.

ಬಾಗಿಲು ಮುಚ್ಚಿದ ಒಂದು ಫ್ಯಾಕ್ಟರಿ. ಮುರಿದ ಕಾಂಪೌಂಡು. ಒಳಗೆ ಡಬ್ಬಿ ಬಿಚ್ಚಿದ ಸದ್ದು, ಜೋಳದ ರೊಟ್ಟಿಯ ವಾಸನೆ.

"ದಾನಪ್ಪ!" ಎಂದೆ.

ರೊಟ್ಟಿ ಬಿಸಾಕಿ ಓಡಿದ! ಹಿಂದಿನ ಗೋಡೆ ಹಾರಿದ. ನಾನೂ ಹಾರಿದೆ. ಪ್ಯಾಂಟು ಹರಿಯಿತು. ಅವನು ನೇರ ರೈಲ್ವೆ ಹಳಿಗೆ ಇಳಿದ. ಎಡಗಡೆಯಿಂದ ಫಾಸ್ಟ್ ಲೋಕಲ್ ಬರುತ್ತಿತ್ತು. ಅವನು ಬಲಗಡೆ ನೋಡುತ್ತಿದ್ದ!

ಶರ್ಟಿನ ಕಾಲರಿಗೆ ಕೈ ಹಾಕಿ ಹಿಂದಕ್ಕೆಳೆದೆ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಲೋಕಲ್ ನಮ್ಮ ಚಪ್ಪಲಿಯ ಪಕ್ಕದಲ್ಲೇ ಹೋಯಿತು.

"ಬಿಡ್ರಿ ನನ್ನ! ಅವ್ರ ಕೈಯಾಗ ಸಾಯೂದಕಿಂತ ಇದ ಚಲೋ!"

"ಕೆಲಸದಲ್ಲಿ ತಪ್ಪು ಮಾಡಿದ್ದೀಯಾ?"

ಅವನು ಏದುಸಿರು ಬಿಡುತ್ತಲೇ ಎದ್ದು ಕೂತ. ಭಯ ಹೋಗಿ ಕಣ್ಣಲ್ಲಿ ಸಿಟ್ಟು ಬಂತು. "ಇಪ್ಪತ್ತು ವರ್ಷ ಆತ್ರಿ ವಾಯರ್ ಹಿಡದು. ಪ್ರತಿ ಜಾಯಿಂಟ್ ಬೆಸುಗಿ ಹಾಕೀನಿ. ಉಪ್ಪು ಹತ್ತಬಾರದಂತ ಮ್ಯಾಲ ಡಾಂಬರ್ ಹಚ್ಚೀನಿ. ನಂದೇನೂ ತಪ್ಪಿಲ್ಲ!"

"ಹಾಗಿದ್ದರೆ ಬಂದು ತೋರಿಸು. ಪ್ಯಾನೆಲ್ ಸಿಕ್ಕಿದೆ."

"ಸಿಕ್ಕದ?" ತಟ್ಟನೆ ಎದ್ದು ನಿಂತ. "ನಡೀರಿ. ಮೀಟರ್ ತಗೊಂಡ ಬರತೀನಿ."

ತನ್ನ ಕೆಲಸವನ್ನು ಅಷ್ಟು ನಂಬಿದ ಮನುಷ್ಯನನ್ನು ನಾನು ಹೆಚ್ಚು ನೋಡಿಲ್ಲ. ಹೆದರಿಕೆ ಅವನಿಗಿಂತ ನನಗೇ ಜಾಸ್ತಿಯಿತ್ತು.

ಎರಡು ಗಂಟೆಗೆ ಮಾರ್ವೆ. ಕೊರಗಪ್ಪ ಊಟಕ್ಕೆ ಹೋಗಿದ್ದ. ಕಾವಲಿಗಿದ್ದ ಖಲಾಸಿ ನಮ್ಮನ್ನು ನೋಡಿ ಅವನನ್ನು ಕರೆಯಲು ಓಡಿದ. ನಮಗೆ ಸಿಕ್ಕಿದ್ದು ಹತ್ತು ನಿಮಿಷ.

ಇಬ್ಬರೂ ಸೇರಿ ಮಾಡನ್ನು ಬಿಸಿಲಿಗೆ ಎಳೆದೆವು. ದಾನಪ್ಪ ಒಂದೊಂದೇ ಜಾಯಿಂಟ್ ತೋರಿಸಿದ. ಒಂದೂ ಬಿಚ್ಚಿರಲಿಲ್ಲ. ಮೀಟರಿನ ಎರಡು ಪಿನ್ನು ಪ್ಯಾನೆಲ್ಲಿನ ಎರಡು ವಾಯರಿಗೆ ಸಿಕ್ಕಿಸಿದ.

ಮುಳ್ಳು ಏಳಲಿಲ್ಲ.

"ಇದ್ಯಾಕ್ರಿ ಹಿಂಗ?" ದಾನಪ್ಪನ ಮುಖ ಬಿಳಿಚಿತು. "ಇಂಥಾ ಬಿಸಲಿಗೆ ಎರಡು ಆಂಪಿಯರ್ ಬರಬೇಕ್ರಿ... ನಾ ಹಾಕಿದ ದಿನ ಬಂದಿತ್ತು!"

ಪಿನ್ನು ತೆಗೆದ, ಒರೆಸಿದ, ಮತ್ತೆ ಸಿಕ್ಕಿಸಿದ. ಇಲ್ಲ. ಗಾಜಿನ ಮೇಲೆ ಬಗ್ಗಿದ. ಅವನ ಕಣ್ಣು ಬೊಟ್ಟಿನ ಮೇಲೆ ನಿಂತಿತು.

"ಇದ್ಯಾರು ಬಳದಾರ್ರಿ?"

"ಸದಾನಂದನ ಹೆಂಡತಿ. ಪೂಜೆಗೆ."

ಶೆಡ್ಡಿನಿಂದ ಥಿನ್ನರ್ ತಂದ. ಬಟ್ಟೆ ಅದ್ದಿ ಬೊಟ್ಟಿನ ಅರ್ಧ ಒರೆಸಿದ. ಮುಳ್ಳು ಎದ್ದಿತು! ಒಂದು ಆಂಪಿಯರ್!

ದಾನಪ್ಪ ಬಟ್ಟೆ ಹಿಡಿದವನು ಹಾಗೇ ಕೂತ.

"ಒಂದೇ ಒಂದು ಬಿಲ್ಲೆ ಮುಚ್ಚಿದರೆ ಏನಾಗುತ್ತಯ್ಯ? ಇನ್ನೂ ಮೂವತ್ತೈದಿವೆ!" ಎಂದೆ.

"ಹಂಗಲ್ರಿ ಇದು. ಚಾಳಿನ್ಯಾಗ ಬೆಂಕಿ ಬಿದ್ದಾಗ ಸಾಲಾಗಿ ನಿಂತ ಕೊಡ ದಾಟಸ್ತೀವಲ್ರಿ, ಹಂಗ. ನಡುವಿನಾಂವ ಒಬ್ಬಾಂವ ಕೈ ಕಟ್ಟಿ ನಿಂತ್ರ ಎಲ್ಲಾರ ನೀರೂ ಅಲ್ಲೇ ನಿಂತದ." ಅವನ ದನಿ ಇಳಿಯಿತು. "ಇದರ ಮ್ಯಾಲ ಏನೂ ಹಚ್ಚಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು... ಮಷೀನಿಗೆ ನಮ್ಮ ಮಂದಿ ಕುಂಕುಮ ಹಚ್ಚಲಾರದ ಬಿಡತಾರೇನ್ರಿ? ನನಗ ಹೊಳೀಲೇ ಇಲ್ಲ."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಕುಣಿಯುವಷ್ಟು ಖುಷಿಯಾಯಿತು. ಉಳಿದ ಅರ್ಧ ಬೊಟ್ಟು ಕೊರಗಪ್ಪನಿಗೆ ತೋರಿಸಿದರೆ ದಾನಪ್ಪನ ಜೀವ ಉಳಿಯುತ್ತದೆ!

ದಾನಪ್ಪ ಮತ್ತೆ ಬಟ್ಟೆ ಅದ್ದಿದ.

"ಏಯ್! ಬಿಡು ಅದನ್ನ! ನಿನ್ನ ಜೀವ ಉಳಿಸೋ ಸಾಕ್ಷಿ ಅದು!"

"ಆಕಿ ಗಂಡನ್ನ ಆಕೀನ ಕೊಂದಾಳ ಅಂತ ಹೆಂಗ್ರಿ ಹೇಳೂದು? ಬಸುರಿ ಅದಾಳ್ರಿ ಆಕಿ."

"ದಾನಪ್ಪ, ಹುಚ್ಚಾ ನಿನಗೆ?"

ಒರೆಸಿಬಿಟ್ಟ. ಪೂರ್ತಿ. ಗಾಜು ಫಳಫಳ ಹೊಳೆಯಿತು. ಮುಳ್ಳು ಎರಡು ದಾಟಿ ನಿಂತಿತು. ದಾನಪ್ಪ ಪಿನ್ನು ಕಿತ್ತು ಮೀಟರನ್ನು ಚೀಲಕ್ಕೆ ಹಾಕಿದ.

ಕೊರಗಪ್ಪ ಬಂದ. ಜೊತೆಗೆ ಅದೇ ಇಬ್ಬರು.

"ಹೇಳು" ಎಂದ.

"ನಂದ ತಪ್ಪು ಮಾಲಕ್ರ" ಎಂದ ದಾನಪ್ಪ. "ಪ್ಲಸ್ಸು ಮೈನಸ್ಸು ಉಲ್ಟಾ ಹಾಕಿದ್ದೆ."

ನಾನು ಬಾಯಿ ತೆರೆದೆ. ಶೆಡ್ಡಿನ ಹಿಂದಿನಿಂದ ವಾರಿಜಾ ಯಾರೊಂದಿಗೋ ಮಾತಾಡುವುದು ಕೇಳಿಸಿತು. ಬಾಯಿ ಮುಚ್ಚಿದೆ. ಯಾಕೆ ಅಂತ ಕೇಳಬೇಡಿ, ಇವತ್ತಿಗೂ ಗೊತ್ತಿಲ್ಲ.

"ಜೀವ ತೆಗೀಬೇಡಿ ಕೊರಗಪ್ಪ" ಎಂದೆ. "ತಾನಾಗಿ ಬಂದಿದ್ದಾನೆ. ಒಪ್ಪಿಕೊಂಡಿದ್ದಾನೆ. ಮನೆಯಲ್ಲಿ ಹೆಂಡತಿ ಇದ್ದಾಳೆ. ಇನ್ನೊಬ್ಬಳ ಹಣೆ ಯಾಕೆ ಬೋಳು ಮಾಡ್ತೀರಿ?"

ಕೊರಗಪ್ಪ ಪಕ್ಕದಲ್ಲಿ ಬಿದ್ದಿದ್ದ ಕಬ್ಬಿಣದ ರಾಡು ಎತ್ತಿಕೊಂಡ.

"ಜೀವ ಬಿಟ್ಟೆ" ಎಂದ. "ಕೈ ಬಿಡುವುದಿಲ್ಲ."

ಖಲಾಸಿಗಳು ದಾನಪ್ಪನ ಬಲಗೈಯನ್ನು ಹಲಗೆಯ ಮೇಲಿಟ್ಟು ಹಿಡಿದರು. ನಾನು ನುಗ್ಗಿದೆ. ಕೊರಗಪ್ಪನ ಮೊಣಕೈ ನನ್ನ ಮೂಗಿಗೆ ಬಿತ್ತು. ನೆಲದ ಮೇಲಿದ್ದಾಗ ಕಬ್ಬಿಣದ ಸದ್ದು ಕೇಳಿದೆ. ಆಮೇಲೆ ದಾನಪ್ಪನ ಕೂಗು.

ಕಬ್ಬಿಣ ಬಿಸಾಕಿ ಕೊರಗಪ್ಪ ಅಲ್ಲೇ ಕುಕ್ಕರಿಸಿದ. ತಮ್ಮನ ಹೆಸರು ಹಿಡಿದು ಗೊಳೋ ಎಂದು ಅತ್ತ.

ಕೂಗು ಕೇಳಿ ವಾರಿಜಾ ಓಡಿಬಂದಳು. ದಾನಪ್ಪನನ್ನು ನೋಡಿದಳು. ಅವನ ಕೈ ನೋಡಿದಳು. ಆಮೇಲೆ ಪ್ಯಾನೆಲ್.

"ಬೊಟ್ಟು ಎಲ್ಲಿ ಹೋಯ್ತು ಅಣ್ಣ?"

ಹೇಳಬೇಕಾದವನು ನಾನೇ ಆದೆ.

"ಉಪ್ಪು ನೀರಿಗೆ ಮೊದಲೇ ಸಡಿಲಾಗಿತ್ತು ನೋಡಮ್ಮ... ಬಿಸಿಲಿಗೆ ಎಳೆಯುವಾಗ ಉದುರಿಹೋಯಿತು."

ಅವಳು ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳ ಹಾಗೆ.

"ಅದಕ್ಕೇ ಅವರು ಹೋದದ್ದು. ನಾನು ಒಂದೇ ಕೋಟ್ ಬಳಿದದ್ದು ಅಣ್ಣ. ಪೇಂಟ್ ಸ್ವಲ್ಪವೇ ಇತ್ತು. ಇನ್ನೊಂದು ಡಬ್ಬಿ ತರಬೇಕಿತ್ತು ನಾನು."

"ಹಾಗಲ್ಲಮ್ಮ..."

"ಭಾವನ ಬೋಟಿಗೆ ಆ ತಪ್ಪು ಮಾಡಲಿಲ್ಲ. ಇವತ್ತು ಐದು ಬೊಟ್ಟು ಇಟ್ಟೆ. ಮೂರು ಮೂರು ಕೋಟ್. ನಾನು ಈಗ ಇಡಬಾರದು ಅಂತ ಗೊತ್ತುಂಟು... ಬೆರಳು ತಾಗಿಸಲಿಲ್ಲ, ಬ್ರಷ್ಷಲ್ಲೇ ಬಳಿದದ್ದು."

ದಾನಪ್ಪ ನರಳುವುದನ್ನು ನಿಲ್ಲಿಸಿದ.

"ಬೋಟು ಎಲ್ಲಿದೆ?" ಎಂದೆ.

"ಹನ್ನೊಂದಕ್ಕೆ ಹೊರಟಿತು. ಏಳು ಜನ ಇದ್ದಾರೆ."

ಶೆಡ್ಡಿನ ಗೋಡೆಗೆ ವೈರ್‌ಲೆಸ್ ಸೆಟ್ಟು ಇತ್ತು. ಓಡಿದೆ. ಮೈಕು ಕಿತ್ತುಕೊಂಡೆ. "ಬೋಟನ್ನ ಕರೀರಿ ಕೊರಗಪ್ಪ! ಈಗಲೇ!" ಅವನು ಅರ್ಥವಾಗದೆಯೇ ಬಂದು ಗುಂಡಿ ತಿರುಗಿಸಿದ. ಕರಕರ ಸದ್ದು. ಆಮೇಲೆ ಬೋಟು ನಡೆಸುವ ತಾಂಡೇಲನ ದನಿ.

ನನ್ನ ಹಿಂದೆಯೇ ವಾರಿಜಾ ನಿಂತಿದ್ದಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು. ಮೆಲ್ಲಗೆ ಹೇಳಿದರೆ ಹನ್ನೆರಡು ಮೈಲಿ ಆಚೆ ಕೇಳುವುದಿಲ್ಲ. ಜೋರಾಗಿಯೇ ಹೇಳಬೇಕಿತ್ತು.

"ಪ್ಯಾನೆಲ್ ಮೇಲಿನ ಬೊಟ್ಟು ಒರೆಸಿ! ಐದೂ! ಸೀಮೆಎಣ್ಣೆ ಹಾಕಿ ಒರೆಸಿ!"

"ಯಾಕೆ? ಪೂಜೆಯದ್ದಲ್ವಾ ಅದು?"

"ಬೊಟ್ಟಿದ್ದರೆ ಬ್ಯಾಟರಿ ಚಾರ್ಜ್ ಆಗಲ್ಲ! ಚಿಕ್ಕ ಬೋಟು ಹೋದದ್ದು ಅದರಿಂದಲೇ! ಒರೆಸಿ!"

ಕರಕರ. ಕರಕರ... ಐದು ನಿಮಿಷ.

"ಒರೆಸಿದೆವು. ಚಾರ್ಜಿನ ಮುಳ್ಳು ಎದ್ದಿತು. ಓವರ್."

ಮೈಕು ಇಟ್ಟೆ. ತಿರುಗಲು ಧೈರ್ಯ ಬರಲಿಲ್ಲ. ತಿರುಗಿದೆ.

"ಒಂದೇ ಬೊಟ್ಟಿಗಾ ಅಣ್ಣ?" ಎಂದಳು ವಾರಿಜಾ. ದನಿ ಮಗುವಿನ ದನಿಯ ಹಾಗಿತ್ತು.

"ಹೌದಮ್ಮ."

ಅವಳು ಕೂಗಲಿಲ್ಲ. ಬಲೆಗಳ ಮೇಲೆ ಕೂತು, ಸೆರಗಿನ ತುದಿಯಿಂದ ತನ್ನ ಬಲಗೈ ಬೆರಳುಗಳನ್ನು ಉಜ್ಜತೊಡಗಿದಳು. ಬೆರಳಲ್ಲಿ ಬಣ್ಣವೇನೂ ಇರಲಿಲ್ಲ. ಕೊರಗಪ್ಪ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತ. ಬೈಯಲಿಲ್ಲ, ಮುಟ್ಟಲಿಲ್ಲ. ನನಗೆ ಅಳು ಬಂತು. ಮೂಗಿನ ರಕ್ತದ ಜೊತೆ ಅದನ್ನೂ ಒರೆಸಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಕೊರಗಪ್ಪನೇ ಎದ್ದು ಬಂದು, ಹೆಗಲ ಟವೆಲ್ ಹರಿದು, ದಾನಪ್ಪನ ಕೈಗೆ ಕಟ್ಟಿದ. ದಾನಪ್ಪನ ಮುಖ ನೋಡಲು ಮಾತ್ರ ಅವನಿಂದಾಗಲಿಲ್ಲ.

ರಿಕ್ಷಾದಲ್ಲಿ ಆಸ್ಪತ್ರೆಗೆ ಹೊರಟೆವು. ಮಲಾಡ್ ಸ್ಟೇಷನ್ ಹತ್ತಿರ ಬಂತು. ದಾನಪ್ಪ ತನ್ನ ಕೈ ಕಡೆ ನೋಡಿಕೊಂಡ.

"ಹೇಳೂದ ಇತ್ತಂದ್ರ, ಸಾಹೇಬ್ರ... ಒಂದು ಹತ್ತು ನಿಮಿಷ ಮೊದಲ ಹೇಳಬಾರದಾಗಿತ್ತೇನ್ರಿ?"