ಹಗಲಲ್ಲಿ ಬೆಳದಿಂಗಳು ಕೇಳಿದ ಮಾಯಾವಿ

ಬಹಳ ಹಿಂದೆ, ನಮ್ಮ ಮುತ್ತಜ್ಜನ ಮುತ್ತಜ್ಜನೂ ತೊಟ್ಟಿಲಿಗೆ ಬರುವ ಮೊದಲು, ಮುಗಿಲಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಧೂಮಕೇಶ ಎಂಬ ಮಾಯಾವಿ ಒಂದು ಪಾನಗೃಹ ತೆರೆದಿದ್ದ. ಹೆಂಡಕ್ಕೆ ಹಣ್ಣಿನ ರಸ, ಜೇನು, ಏಲಕ್ಕಿ ಬೆರೆಸಿ ಬಣ್ಣಬಣ್ಣದ ಬಟ್ಟಲುಗಳಲ್ಲಿ ಕೊಡುತ್ತಿದ್ದ. ಆದರೆ ಜನ ಮುಗಿಬೀಳುತ್ತಿದ್ದುದು ಒಳಗಿನ ಅಂದಕ್ಕೆ. ಅದು ಕಿಟಕಿಯೇ ಇಲ್ಲದ ಮಬ್ಬು ಮನೆ. ಸಾಲಾಗಿ ದೀಪ ಹಿಡಿದು ನಿಂತ ಹೆಣ್ಣುಗೊಂಬೆಗಳು, ಬೆನ್ನು ಬಾಗಿಸಿದ ಮನುಷ್ಯರ ಆಕಾರದ ಮರದ ಪೀಠಗಳು, ಗೋಡೆಯಲ್ಲಿ ಕವಲುಕೊಂಬಿನ ಜಿಂಕೆಯ ತಲೆ. ಆಹಾ ಓಹೋ ಎಂದು ಊರಿಗೆ ಊರೇ ಹೊಗಳುತ್ತಿತ್ತು. ಅದೇ ಊರಿನಲ್ಲಿ ಎಷ್ಟೋ ಮಂದಿ ಕಾಣೆಯಾಗಿದ್ದರು, ಆ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಊರಿನಲ್ಲಿ ಬೊಪ್ಪ ಎಂಬ ಯುವಕನಿದ್ದ. ಮನೆ, ಹಜಾರ, ಮದುವೆ ಚಪ್ಪರಗಳನ್ನು ಸಿಂಗರಿಸುವುದು ಅವನ ಕಸುಬು. ಅವನಿಗೆ ತನ್ನವರೆಂದು ಇದ್ದವಳು ತಂಗಿ ಮಾಚಲೆ ಒಬ್ಬಳೇ. ಒಂದು ದಿನ ಪಾನಗೃಹಕ್ಕೆ ಹೂಮಾಲೆ ಕೊಡಲು ಹೋದ ಮಾಚಲೆ ಹಿಂದಿರುಗಲಿಲ್ಲ.

ಬೊಪ್ಪ ಓಡಿಹೋಗಿ ಮಾಯಾವಿಯ ಎದುರು ನಿಂತ. "ನನ್ನ ತಂಗಿ ಎಲ್ಲಿ?"

ಧೂಮಕೇಶ ನಕ್ಕ. "ಒಳಗೇ ಇದ್ದಾಳೆ ಕಣೋ. ನನ್ನ ಮನಸ್ಸಿಗೆ ಒಪ್ಪೋ ಹಾಗೆ ಈ ಹಜಾರ ಸಿಂಗರಿಸಿಕೊಡು. ಆಮೇಲೆ ಕರಕೊಂಡು ಹೋಗು."

ಬೊಪ್ಪ ಅರಸ ಇರುಂಗದೇವನ ಬಳಿ ದೂರು ಕೊಟ್ಟ. ಅರಸ ಆಕಳಿಸಿದ. "ನಾನೂ ದಿನಾ ಅಲ್ಲಿಗೆ ಹೋಗ್ತೀನಪ್ಪ. ಒಳ್ಳೇ ಜಾಗ. ಸುಮ್ಮನೆ ಇದನ್ನ ದೊಡ್ಡದು ಮಾಡಬೇಡ. ಹೇಳಿದ ಕೆಲಸ ಮಾಡಿಕೊಡು."

ಇವನ ಸ್ವಂತ ತಮ್ಮ ಚಟ್ಟಿಗದೇವನೇ ಕಾಣೆಯಾಗಿ ವರ್ಷ ಕಳೆದಿತ್ತು. ಆದರೂ ಈ ಮಾತು! ಇಂಥವನ ತಲೆಯ ಮೇಲೆ ಕಿರೀಟ ಬೇರೆ.

ಬೊಪ್ಪ ಬೇರೆ ದಾರಿ ಕಾಣದೆ ಪಾನಗೃಹಕ್ಕೆ ಮರಳಿದ. "ಮೊದಲು ಕಾಡು ಬೇಕು," ಎಂದ ಮಾಯಾವಿ. ಬೊಪ್ಪ ಬಿದಿರು ಕಟ್ಟಿದ, ಬಳ್ಳಿ ಹಬ್ಬಿಸಿದ. ಮೂಲೆಮೂಲೆಗೆ ಒದ್ದೆ ಮಣ್ಣು ತುಂಬಿಸಿ ಕಾಡಿನ ವಾಸನೆ ತಂದ. ಧೂಮಕೇಶ ಸುತ್ತಿ ನೋಡಿದ. "ಚೆನ್ನಾಗೇ ಇದೆ. ಆದರೆ ಮನಸ್ಸಿಗೆ ಒಪ್ಪಲಿಲ್ಲ. ಕಡಲು ಮಾಡು."

ಬೊಪ್ಪ ಕಾಡು ಕಿತ್ತ, ಕಡಲು ಮಾಡಿದ. ಗೋಡೆಗೆ ನೀಲಿ ಬಳಿದ. ನೀರು ತುಂಬಿದ ಹರಿವಾಣಗಳ ಪಕ್ಕ ದೀಪವಿಟ್ಟು ಛಾವಣಿಯ ತುಂಬ ಅಲೆಗಳನ್ನು ಆಡಿಸಿದ. ಧೂಮಕೇಶ ಸುತ್ತಿ ನೋಡಿದ. "ಚೆನ್ನಾಗೇ ಇದೆ. ಆದರೆ ಏನೋ ಒಂದು ಕಮ್ಮಿ."

"ಏನು ಕಮ್ಮಿ ಅಂತ ಹೇಳಿ, ಮಾಡ್ತೀನಿ."

"ಅದು ನಿನಗೆ ಹೊಳೀಬೇಕು. ನನ್ನ ಕೇಳಿದರೆ?"

ಕೇಳಿದಿರಾ ಮಾತನ್ನ! ಬೇಕಾದದ್ದು ಏನೆಂದು ತನಗೇ ಗೊತ್ತಿಲ್ಲ, ಮಾಡಿದ್ದು ಮಾತ್ರ ಸರಿಯಿಲ್ಲ. ರಾಕ್ಷಸರನ್ನಾದರೂ ಸಹಿಸಬಹುದು, ಇಂಥ ಗಿರಾಕಿಯನ್ನಲ್ಲ.

ಬೊಪ್ಪ ಸಿಟ್ಟಿನಿಂದ ಮೊಳೆ ಕೀಳುತ್ತಿದ್ದಾಗ ಗೋಡೆಯ ಜಿಂಕೆಯ ಕಣ್ಣಿಂದ ನೀರಿಳಿಯಿತು. ಜಿಂಕೆ ಮಾತಾಡಿತು.

"ಬೊಪ್ಪಾ, ಮೆಲ್ಲಗೆ ಕೀಳು. ನನ್ನ ಮೈ ಈ ಗೋಡೆಯೊಳಗಿದೆ. ಇಲ್ಲಿರೋ ಗೊಂಬೆ, ಪೀಠ ಎಲ್ಲ ನಿಮ್ಮೂರಿನವರೇ. ಮುಖ ಗುರುತು ಹಿಡಿದು ಹೆಸರು ಕೂಗಿದರೆ ಬಿಡುಗಡೆ. ಹೆಸರು ತಪ್ಪಿದರೆ ಅವರು ಕಲ್ಲಾಗಿಬಿಡ್ತಾರೆ."

ಬೊಪ್ಪ ದೀಪ ಹಿಡಿದು ಗೊಂಬೆಗಳತ್ತ ಓಡಿದ. ಆದರೆ ಆ ಮನೆಯಲ್ಲಿ ಯಾವ ದೀಪವೂ ಮಾಯಾವಿ ಹೇಳಿದ್ದಕ್ಕಿಂತ ಹೆಚ್ಚು ಉರಿಯುತ್ತಿರಲಿಲ್ಲ. ಮಬ್ಬಿನಲ್ಲಿ ಎಲ್ಲ ಮುಖಗಳೂ ಒಂದೇ ಥರ ಕಂಡವು. ತಂಗಿ ಕೈಯಳತೆಯಲ್ಲೇ ಇದ್ದಾಳೆ, ಹೆಸರು ಹಿಡಿದು ಕರೆಯುವ ಹಾಗಿಲ್ಲ. ಬೊಪ್ಪ ಅಲ್ಲೇ ಕುಸಿದು ಅತ್ತುಬಿಟ್ಟ.

ಮರುದಿನ ಧೂಮಕೇಶ ಮೂರನೆಯ ಆಸೆ ಹೇಳಿದ. "ಹಗಲು ಹೊತ್ತು ಜನ ಕೆಲಸಕ್ಕೆ ಹೋಗಿಬಿಡ್ತಾರೆ. ಮಟಮಟ ಮಧ್ಯಾಹ್ನವೂ ಇಲ್ಲಿ ಹುಣ್ಣಿಮೆ ರಾತ್ರಿ ಇರಬೇಕು. ಹೊತ್ತು ಹೋದದ್ದೇ ತಿಳೀದೆ ಕುಡೀತಾ ಕೂತಿರಬೇಕು."

ಬೊಪ್ಪ ಕೋಪ ನುಂಗಿಕೊಂಡ. "ದೀಪದಲ್ಲಿ ಬೆಳದಿಂಗಳು ಬರೋದಿಲ್ಲ. ಛಾವಣಿಗೆ ದುಂಡಗೆ ಕಿಂಡಿ ಕೊರೆದು, ಬೆಳಕು ಹಾಯೋ ಕಾಗೆಬಂಗಾರದ ಹಾಳೆಗೆ ಸುಣ್ಣ ಬಳಿದು ಮುಚ್ಚಬೇಕು. ಬಿಸಿಲು ಅದರಲ್ಲಿ ಸೋಸಿಕೊಂಡು ಬೆಳದಿಂಗಳ ಹಾಗೆ ಇಳಿಯುತ್ತೆ."

ಬಿಸಿಲು ಎಂದೊಡನೆ ಮಾಯಾವಿಯ ಮುಖ ಬಾಡಿತು. ಆದರೆ ಇಡೀ ಊರು ಹಗಲೂ ರಾತ್ರಿ ತನ್ನ ಮನೆಯಲ್ಲೇ ಬಿದ್ದಿರುವುದನ್ನು ನೆನೆದು ಬಾಯಲ್ಲಿ ನೀರೂರಿತು. "ಆಗಲಿ, ಕೊರಿ," ಎಂದ.

ಬೊಪ್ಪ ಕೊರೆದ. ತಣ್ಣನೆಯ ಬೆಳದಿಂಗಳು ಇಳಿಯಿತು. ತೆರೆಯುವ ದಿನ ನಡುಮಧ್ಯಾಹ್ನಕ್ಕೆ ಊರೆಲ್ಲ ನೆರೆಯಿತು. ಅರಸ ಎಲ್ಲಕ್ಕಿಂತ ಒಳ್ಳೆಯ ಪೀಠದಲ್ಲಿ ಕೂತ. "ಎಂಥಾ ಚಂದ! ಎಂಥಾ ಚಂದ!" ಎಂದು ಎಲ್ಲರೂ ಬಟ್ಟಲು ಎತ್ತಿದರು.

ಛಾವಣಿಯ ಮೇಲಿದ್ದ ಬೊಪ್ಪ ಹಾಳೆಯನ್ನು ಕಿತ್ತು ಬಿಸಾಡಿದ.

ಸುಡುಬಿಸಿಲು ಹಜಾರದೊಳಕ್ಕೆ ಬಿತ್ತು. ಗೊಂಬೆಗಳ ಮುಖದ ಮಸಿ, ಅದರ ಮೇಲೆ ಕಣ್ಣೀರು ಹರಿದ ಗೆರೆ, ಎಲ್ಲ ಕಂಡವು. ಬೊಪ್ಪ ಕಿಂಡಿಯಿಂದ ಬಗ್ಗಿ ನೋಡಿದ, ನೋಡಿದ, ಗಂಟಲು ಹರಿಯುವ ಹಾಗೆ ಕೂಗಿದ: "ಮಾಚಲೇ!"

ಮಾಚಲೆಯ ಕೈಯಿಂದ ದೀಪ ಜಾರಿತು. "ಅಣ್ಣಾ!" ಎಂದಳು.

ಆಗ ಜನರಿಗೆ ಎಚ್ಚರವಾಯಿತು. ಒಬ್ಬ ತಾನು ಕೂತಿದ್ದ ಪೀಠದ ಕಡೆ ಬಗ್ಗಿ ನೋಡಿ ಎದೆ ಬಡಿದುಕೊಂಡ. "ಅಯ್ಯೋ, ನಮ್ಮಪ್ಪ! ಮಾರಪ್ಪಾ!" ಒಬ್ಬಳು ತನ್ನ ಮಗಳನ್ನು ಕೂಗಿದಳು. ಹೆಸರಿನ ಮೇಲೆ ಹೆಸರು ಎದ್ದಿತು. "ದೀಪ ತಗ್ಗಿಸಿ! ದೀಪ ತಗ್ಗಿಸಿ!" ಎಂದು ಧೂಮಕೇಶ ಕಿರುಚಿದ. ಸೂರ್ಯ ಅವನ ಆಳೇನು, ಕೇಳುವುದಕ್ಕೆ? ಒಂದೊಂದು ಹೆಸರಿಗೂ ಮಾಯಾವಿ ಕರಗಿದ, ಕೊನೆಗೆ ಹೊಗೆಯಾಗಿ ಕಿಂಡಿಯಿಂದ ಹಾರಿಹೋದ. ಗೋಡೆ ಸೀಳಿತು. ಜಿಂಕೆ ಜಿಗಿದು ಬಾಗಿಲು ದಾಟಿ ಕಾಡು ಸೇರಿತು.

ಅರಸನೂ ಬಗ್ಗಿ ನೋಡಿ ಹೆಸರು ಕೂಗಿದ್ದ. ಅವನ ಪೀಠದಿಂದ ಎದ್ದವನು ಚಟ್ಟಿಗದೇವ. ಬೆನ್ನು ನೆಟ್ಟಗಾಗದೆ ಗೋಡೆ ಹಿಡಿದುಕೊಂಡ.

"ನನಗೆ ಗೊತ್ತಿರಲಿಲ್ಲ ತಮ್ಮಾ," ಎಂದು ಅರಸ ತೊದಲಿದ.

"ಗೊತ್ತಿರಲಿಲ್ಲ ಸರಿ. ಆದರೆ ಮರದ ಪೀಠ ಮೈಯ ಹಾಗೆ ಬೆಚ್ಚಗಿತ್ತಲ್ಲ ಅಣ್ಣಾ, ಯಾಕೆ ಅಂತ ಒಂದು ದಿನವೂ ಅನ್ನಿಸಲಿಲ್ವಾ?"

ಅರಸ ಕಿರೀಟ ತೆಗೆದು ತಮ್ಮನ ಕೈಗಿಟ್ಟ. ಚಟ್ಟಿಗದೇವ ಬೇಡ ಎನ್ನಲಿಲ್ಲ. ಹೊಸ ಅರಸನ ಕಾಲದಲ್ಲಿ ಮುಗಿಲಕೋಟೆಯವರೆಲ್ಲ ಉಂಡುಟ್ಟು ಸುಖವಾಗಿದ್ದರು, ಯಾರ ಮನೆಯವರು ಒಂದು ಹೊತ್ತು ತಡವಾಗಿ ಬಂದರೂ ಊರೇ ಎದ್ದು ಹುಡುಕುತ್ತಿತ್ತು.