ಎಡಗೈ ಗಂಟಿನ ಓಲೆ

ಹಿಂದೆ, ಬಹಳ ಹಿಂದೆ, ಹೊಂಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕಸುಬು ಕಲಿತವರೆಲ್ಲ ಒಂದು ಓಲೆ ಮಾಡಿಕೊಳ್ಳಬೇಕು. ಅಂಗೈಯಗಲದ ತಾಳೆಗರಿ, ಅದರ ಮೇಲೆ ಹೆಸರು, ಕಸುಬು. ಓಲೆ ಹಿಡಿದವರು ಅದು ಯಾರದೆಂದು ತಾವೇ ಗುರುತಿಸಿ ಹೆಸರು ಕೂಗಿದರೆ ಸಾಕು, ಓಲೆಯವರು ಎಲ್ಲಿದ್ದರೂ ಎದುರಿಗೆ ಬಂದು ನಿಲ್ಲುತ್ತಿದ್ದರು. ಇನ್ನೊಂದು ಸಂಗತಿ, ಓಲೆಯ ಮೇಲೆ ಬರೆದದ್ದೆಲ್ಲ ನಿಜವಾಗುತ್ತಿತ್ತು. ಬುದ್ಧಿಯಿದ್ದವರು ಹುಷಾರಾಗಿ ಬರೆಯುತ್ತಿದ್ದರು. ಉಳಿದವರ ಪಾಡು ಮುಂದೆ ಬರುತ್ತದೆ, ಕೇಳಿ.

ಆ ರಾಜ್ಯದ ಹೊಳೆದಂಡೆಯಲ್ಲಿ ಕುಟಿಲಾಕ್ಷನೆಂಬ ಮಾಂತ್ರಿಕನಿದ್ದ. ಹೊಳೆಯ ಜುಳುಜುಳು ಸದ್ದಿಗೆ ಅವನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತಂತೆ, ಪಾಪ! ಒಂದು ದಿನ ರೇಗಿ, ಹರಿಯುವ ಹೊಳೆಯನ್ನೇ ಹಗ್ಗದ ಹಾಗೆ ಹಿಡಿದು ಗಂಟು ಹಾಕಿಬಿಟ್ಟ. ಅಂಬಿಗ ಸಣ್ಣೀರಪ್ಪ ದೋಣಿ ಸಮೇತ ಆ ಗಂಟಿನೊಳಗೆ ಸಿಕ್ಕಿಬಿದ್ದ. ಬಿಡಿಸಲು ನಡೆದುಹೋದ ಜಟ್ಟಿಗಳೆಲ್ಲ ದಂಡೆ ಮುಟ್ಟುತ್ತಲೇ ಕಪ್ಪೆಗಳಾಗಿ ವಟಗುಟ್ಟತೊಡಗಿದರು. ಗಂಟು ದಿನದಿನಕ್ಕೆ ಬಿಗಿಯುತ್ತಿತ್ತು.

ಸಣ್ಣೀರಪ್ಪನ ಮಗಳು ನೀಲವ್ವ. ಬಲೆಯಿರಲಿ, ಹಗ್ಗವಿರಲಿ, ಯಾವ ಸಿಕ್ಕನ್ನಾದರೂ ಬಿಡಿಸುವುದೇ ಅವಳ ಕಸುಬು. ಅಪ್ಪ ಓಲೆ ಹಿಡಿದು ಕರೆದರೆ ದಂಡೆ ತುಳಿಯದೆ ನೇರ ಗಂಟಿನೊಳಗೇ ಇಳಿಯಬಹುದಿತ್ತು. ಓಲೆ ಒಯ್ಯಲು ಎರಡು ತಲೆಯ ಗಂಡಭೇರುಂಡ ಹಕ್ಕಿ ಒಪ್ಪಿತು. ಆದರೆ ಓಲೆ ಯಾರದೆಂದು ಅದು ಬಾಯಿಬಿಡುವಂತಿರಲಿಲ್ಲ, ಬಿಟ್ಟರೆ ಓಲೆಯ ಶಕ್ತಿ ಹೋಗುತ್ತಿತ್ತು.

ನೀಲವ್ವ ಮೊದಲು ‘ನೀಲವ್ವ, ಎಡಗೈಯಲ್ಲಿ ಸಿಕ್ಕು ಬಿಡಿಸುವವಳು’ ಎಂದು ಬರೆದಳು. ಸೋದರತ್ತೆ ಕಾಳಮ್ಮ ನೋಡಿ ಮೂಗು ಮುರಿದಳು. ಎಡಚಿಯೆಂದು ಊರಿಗೆಲ್ಲ ಡಂಗುರ ಸಾರಬೇಕೇನೇ, ಒಂದು ಭಾರಿ ಬಿರುದು ಹಾಕು ಎಂದಳು. ಸರಿ, ನೀಲವ್ವ ಎಡಗೈಯ ಮಾತು ಕೆರೆದು ‘ಸಿಕ್ಕುಲೋಕದ ಸಿಂಹಿಣಿ’ ಎಂದು ಬರೆದಳು. ಬರೆದು ಮುಗಿಸುವಷ್ಟರಲ್ಲಿ ಹಿಂದುಗಡೆ ಬಾಲ ಬಂತು! ಅದನ್ನು ನೆರಿಗೆಯಲ್ಲಿ ಮುಚ್ಚಿಕೊಂಡೇ ಓಲೆ ಕಳಿಸಿದಳು. ಹಕ್ಕಿ ಬೇಗನೆ ಮರಳಿತು.

“ನಿಮ್ಮಪ್ಪ ಅದರಲ್ಲಿ ಗಾಳಿ ಬೀಸಿಕೊಂಡ” ಎಂದಿತು ಎಡತಲೆ.

ಅರಮನೆಯ ಚಿತ್ತಾರದವನು ಇನ್ನೊಂದು ಉಪಾಯ ಹೇಳಿದ. ಅಂದವಿಲ್ಲದ ಓಲೆಯನ್ನು ಯಾರು ಕಣ್ಣೆತ್ತಿ ನೋಡುತ್ತಾರೆ, ಸುತ್ತ ಬಳ್ಳಿ ಬರೆ ಎಂದ. ನೀಲವ್ವ ಹೊಸ ಓಲೆಯಲ್ಲೂ ಅದೇ ಬಿರುದು ಹಾಕಿ, ಸುತ್ತ ಬಳ್ಳಿ ಬರೆದಳು. ಬಳ್ಳಿ ಚಿಗುರಿ, ಎಲೆ ಬಿಟ್ಟು, ಅಕ್ಷರಗಳನ್ನೆಲ್ಲ ಮುಚ್ಚಿಹಾಕಿತು. ಆದರೂ ಹಸಿರು ಎಷ್ಟು ಚೆನ್ನಾಗಿದೆ ಎಂದು ಬೀಗುತ್ತ ಅದನ್ನೇ ಕಳಿಸಿದಳು.

“ಸೊಪ್ಪು ಅಂದುಕೊಂಡು ತಿಂದ. ಉಪ್ಪಿಲ್ಲ ಅಂದ” ಎಂದಿತು ಬಲತಲೆ.

ನೀಲವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಒದ್ದಾಡಿ ಮಾಡಿದ್ದಕ್ಕೆ ಇದೇನಾ ಬೆಲೆ ಎಂದು ಹಕ್ಕಿಯ ಮೇಲೆ ಹರಿಹಾಯ್ದಳು. ಅತ್ತು ಹಗುರಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

“ಓಲೆ ಕೈಗೆ ಸಿಕ್ಕಾಗ ಅಪ್ಪ ಮೊದಲು ಏನು ಮಾಡಿದ?”

“ಹೆಬ್ಬೆರಳಲ್ಲಿ ಸವರಿದ. ಒಳಗೆ ಕಗ್ಗತ್ತಲೆ ಕಣವ್ವ. ಸವರಿ ಸವರಿ ನೋಡಿದ, ಪಾಪ.”

ನೀಲವ್ವನಿಗೆ ಆಗ ತಪ್ಪು ಹೊಳೆಯಿತು. ಬೆಳಕಿದ್ದರೂ ಅಪ್ಪನಿಗೆ ಅಕ್ಷರ ಎಲ್ಲಿ ಬರುತ್ತಿತ್ತು? ಅತ್ತೆಗೆ ಬೇಕಾದ ಬಿರುದು ಬರೆದದ್ದಾಯಿತು, ಚಿತ್ತಾರದವನಿಗೆ ಬೇಕಾದ ಬಳ್ಳಿ ಬರೆದದ್ದಾಯಿತು. ಓಲೆ ಹಿಡಿಯುವ ಅಪ್ಪನನ್ನು ಅವಳು ನೆನೆದೇ ಇರಲಿಲ್ಲ.

ಅವಳು ಇನ್ನೊಂದು ತಾಳೆಗರಿ ತೆಗೆದುಕೊಂಡಳು. ಏನೂ ಬರೆಯಲಿಲ್ಲ. ಒಂದು ತೂತು ಕೊರೆದು, ದಾರ ಪೋಣಿಸಿ, ದೋಣಿ ಕಟ್ಟುವ ಗಂಟು ಹಾಕಿದಳು. ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ ಗಂಟು. ಅವಳು ಹಾಕಿದರೆ ಮಾತ್ರ ಅದು ಎಡಕ್ಕೆ ವಾಲುತ್ತಿತ್ತು, ಅಪ್ಪ ಪ್ರತಿಸಲ ನಗುತ್ತಿದ್ದ. ಈ ಸಲವೂ ಎಡಕ್ಕೇ ವಾಲಿತು, ಅವಳು ತಿದ್ದಲು ಹೋಗಲಿಲ್ಲ. ಗಂಟು ಬಿಗಿದೊಡನೆ ಬಾಲ ಕಳಚಿ ಧೊಪ್ಪನೆ ಬಿತ್ತು.

ಹಕ್ಕಿ ಹಾರಿತು. ನೀಲವ್ವ ಕಾದಳು.

“ಲೇ ಎಡಚಿ, ಇದು ನಿಂದೇ ಕಣೇ! ನೀಲವ್ವಾ, ಬಾರೇ ಮಗಳೇ!”

ಮರುಗಳಿಗೆಯೇ ಅವಳು ಅಪ್ಪನ ದೋಣಿಯಲ್ಲಿದ್ದಳು. ಅಪ್ಪನ ಕೈ ಹಿಡಿದುಕೊಂಡೇ ಹೊಳೆಯ ಗಂಟನ್ನು ಸವರಿದಳು. ಅದೂ ಎಡಕ್ಕೆ ವಾಲಿತ್ತು! ಕುಟಿಲಾಕ್ಷನೂ ಎಡಚನೇ. ಅವನು ಎಲ್ಲಿ ಸುತ್ತಿದ್ದಾನೆ, ಎಲ್ಲಿ ತೂರಿಸಿದ್ದಾನೆ ಎಂಬುದು ನೀಲವ್ವನ ಎಡಗೈಗೆ ಕೂಡಲೇ ತಿಳಿಯಿತು. ಒಂದು ಎಳೆ ಸಡಿಲಿಸಿದಳು, ಇನ್ನೊಂದು ಎಳೆ ಎಳೆದಳು. ಹೊಳೆ ಭೋರೆಂದು ಬಿಚ್ಚಿಕೊಂಡಿತು. ಮಲಗಿದ್ದ ಕುಟಿಲಾಕ್ಷ ಮಂಚದ ಸಮೇತ ತೇಲಿ ಸಮುದ್ರ ಸೇರಿದ. ಅಲ್ಲಿನ ಅಲೆಗಳ ಅಬ್ಬರದಲ್ಲಿ ಅವನಿಗೆ ಇವತ್ತಿಗೂ ನಿದ್ದೆಯಿಲ್ಲ. ಕಪ್ಪೆಗಳೆಲ್ಲ ಜಟ್ಟಿಗಳಾಗಿ ಮೀಸೆ ಒರೆಸಿಕೊಳ್ಳುತ್ತ ಮನೆಗೆ ಹೋದರು.

ಕಾಳಮ್ಮ ಓಡಿಬಂದು ಅಪ್ಪ ಮಗಳಿಬ್ಬರನ್ನೂ ಒಟ್ಟಿಗೇ ತಬ್ಬಿಕೊಂಡು ಅತ್ತಳು. ಆಮೇಲೆ ಓಲೆ ನೋಡಿ, ದಾರ ಕೆಂಪಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದಳು. ನೀಲವ್ವ ನಕ್ಕು, ಅತ್ತೆಗೆಂದೇ ಕೆಂಪು ದಾರದ ಓಲೆಯೊಂದನ್ನು ಮಾಡಿಕೊಟ್ಟಳು. ಅದನ್ನು ಹಿಡಿಯುವವಳು ಅತ್ತೆಯೇ ತಾನೇ?

ಸಣ್ಣೀರಪ್ಪ ತನ್ನ ಓಲೆಯನ್ನು ದೋಣಿಯ ಮೂತಿಗೆ ಕಟ್ಟಿಕೊಂಡ. ಆ ಹೊಳೆ ಹರಿಯುವಷ್ಟು ಕಾಲ ಹೊಂಗಿರಿಯವರೆಲ್ಲ ನಗುನಗುತ್ತ ಬಾಳಿದರು. ಹೊಳೆಯಂತೂ ಇನ್ನೂ ಹರಿಯುತ್ತಲೇ ಇದೆ.